ಸ್ಟೋನ್ ಟೌನಿನ ಹೊಂಡದ ಮುಂದೆ

ಝಾಂಝಿಬಾರ್‌ನ ಸ್ಟೋನ್ ಟೌನನ್ನು ಕಾಲ್ನಡಿಗೆಯಲ್ಲಿ ತೋರಿಸುವ ಮಾರ್ಗದರ್ಶಿಗಳು ಆಂಗ್ಲಿಕನ್ ಚರ್ಚಿನ ಅಂಗಳಕ್ಕೂ ಕರೆದೊಯ್ಯುತ್ತಾರೆ. ಹಿಂದೆ ಅಲ್ಲಿ ಗುಲಾಮರ ಸಂತೆ ನಡೆಯುತ್ತಿತ್ತು. ಈಗ ಹೊಂಡವೊಂದರಲ್ಲಿ ಕೊರಳಿಗೆ ಸರಪಳಿ ಬಿಗಿದ ಐದು ಮಾನವಾಕೃತಿಗಳು ನಿಂತಿವೆ. ಆಫ್ರಿಕದ ಒಳನಾಡಿನಿಂದ ಕರಾವಳಿಯವರೆಗೆ ನಡೆಸಿ ತಂದ ಸ್ತ್ರೀಪುರುಷರನ್ನು ದ್ವೀಪದ ಲವಂಗದ ತೋಟಗಳಿಗೂ ಅರಬ್ ನಾಡುಗಳಿಗೂ ಮಾರಲಾಗುತ್ತಿತ್ತು.

ಅದೇ ನಗರದಲ್ಲಿ ಟಿಪ್ಪು ಟಿಪ್‌ನ ಮನೆಯಿದೆ. (ನಮ್ಮ ಮೈಸೂರಿನ ಟಿಪ್ಪುವಿಗೂ ಇವನಿಗೂ ಯಾವ ಸಂಬಂಧವೂ ಇಲ್ಲ.) ದಂತ ಮತ್ತು ಗುಲಾಮರ ವ್ಯಾಪಾರಿಯಾಗಿದ್ದ ಇವನ ನಿಜನಾಮ ಹಮದ್ ಬಿನ್ ಮುಹಮ್ಮದ್. ಆ ಹೆಸರನ್ನು ಕೇಳುವಾಗ ನಮ್ಮ ತಲೆ ತಗ್ಗುತ್ತದೆ. ಇಂತಹ ವ್ಯಾಪಾರಕ್ಕೆ ಸಾಲ ಒದಗಿಸಿದವರಲ್ಲಿ ಕಚ್ಛ್ ಮೂಲದ ಭಾರತೀಯರೂ ಇದ್ದರು.

ಯುರೋಪಿಯನ್ನರು ಅಟ್ಲಾಂಟಿಕ್‌ನಲ್ಲಿ ಮಾಡಿದ್ದೇನು ಎಂಬ ಮರುಪ್ರಶ್ನೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹಝ್ರತ್ ಬಿಲಾಲ್(ರ)ರನ್ನು ಖರೀದಿಸಿ ವಿಮೋಚಿಸಿದ ಅಬೂಬಕರ್(ರ)ರ ಚರಿತ್ರೆಯನ್ನು ಮಕ್ಕಳಿಗೆ ಹೇಳುವವರು ನಾವು. ಕೊರಳ ಬಿಡುಗಡೆಗೆ ಝಕಾತ್‌ನಲ್ಲಿಯೇ ಪಾಲಿಟ್ಟ ಕುರ್‌ಆನನ್ನು ಓದುವವರೂ ನಾವೇ. ಅದೇ ಗ್ರಂಥವನ್ನು ಓದುತ್ತಿದ್ದವರ ಪಟ್ಟಣದಲ್ಲಿ ಆ ಸಂತೆ ಹೇಗೆ ನಡೆಯಿತು?

ಅದು ಮುಚ್ಚಿದ್ದು 1873ರಲ್ಲಿ, ಬ್ರಿಟಿಷ್ ನೌಕಾಬಲದ ಬೆದರಿಕೆಗೆ ಸುಲ್ತಾನ್ ಬರ್ಗಶ್ ಮಣಿದಾಗ. ದ್ವೀಪದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ರದ್ದಾಗಲು 1897ರವರೆಗೆ ಕಾಯಬೇಕಾಯಿತು. ಆಗಲೂ ಮನೆಯೊಳಗಿನ ದಾಸಿ-ಉಪಪತ್ನಿಯರನ್ನು ಆ ಆಜ್ಞೆಯಿಂದ ಹೊರಗಿಡಲಾಯಿತು. ಅವರ ಸರದಿ ಬಂದದ್ದು 1909ರಲ್ಲಿ.