ಠಾಣೆಯ ಪುಸ್ತಕ ಮೂರು ಸಲ ಬದಲಾಯಿತು

ನಮ್ಮ ಯಲಬುರ್ಗಾ ಸೀಮೆಯಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲ ಅನ್ನುವ ಅಡ್ಡಹೆಸರು ಇನ್ನೂ ಇವೆ. ಮಾಲಿ ಪಾಟೀಲರದು ಕಂದಾಯದ ಕೆಲಸ, ಪೊಲೀಸ್ ಪಾಟೀಲರದು ಊರಿನ ಬಂದೋಬಸ್ತ್. ಕಳವಾದರೆ, ಹೆಣ ಬಿದ್ದರೆ ಠಾಣೆಗೆ ಸುದ್ದಿ ಮುಟ್ಟಿಸುವವರು ಅವರೇ. ಠಾಣೆಯಲ್ಲಿ ಅಮೀನ, ದಫ್ತರ ಉರ್ದುವಿನಲ್ಲಿ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ದಂಡಸಂಹಿತೆ ಇತ್ತು, ಫಸಲಿ 1329ರ ಜಿಲ್ಲಾ ಪೊಲೀಸ್ ಕಾಯ್ದೆ ಇತ್ತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಠಾಣೆಯ ಕಾನೂನು ಮಾತ್ರ ಅಂದೇ ಬದಲಾಗಲಿಲ್ಲ. ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಇಲ್ಲಿಗೆ ಬಂದದ್ದು 1951ರ ಏಪ್ರಿಲ್ 1ಕ್ಕೆ. ಮುಂದೆ 1963ರ ಪೊಲೀಸ್ ಕಾಯ್ದೆ ಫಸಲಿ ಕಾಯ್ದೆಯನ್ನು ರದ್ದು ಮಾಡಿತು. 1974ರ ಏಪ್ರಿಲ್ 1ಕ್ಕೆ ಹೊಸ ಸಿಆರ್‌ಪಿಸಿ ಜಾರಿಯಾಯಿತು. ಈಗ 2024ರ ಜುಲೈ 1ರಿಂದ ಮೂರೂ ಪುಸ್ತಕ ಹೊಸವು: ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ.

ಪರಿಚಯದ ಪೇದೆಯೊಬ್ಬರು ಹಳೇ ಕಲಂ, ಹೊಸ ಕಲಂ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಕೊಲೆಗೆ 302 ಹೋಗಿ 103, ಎಫ್‌ಐಆರ್‌ಗೆ 154 ಹೋಗಿ 173. ಪಟ್ಟಿ ಬೇಕು, ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಅಪರಾಧ ನಡೆದ ತಾರೀಖು. 2024ರ ಜೂನ್ 30ರ ರಾತ್ರಿ ನಡೆದ ಕೊಲೆಗೆ ಇವತ್ತು ದೂರು ಬಂದರೂ 302ನೇ ಕಲಮೇ. ಕೃತ್ಯ ನಡೆದ ದಿನ ಇದ್ದ ಕಾಯ್ದೆಯಂತೆಯೇ ಶಿಕ್ಷೆ ಅನ್ನುತ್ತದೆ ಸಂವಿಧಾನದ 20ನೇ ವಿಧಿ.

ಪುಸ್ತಕ ಎಷ್ಟು ಸಲ ಬದಲಾದರೂ ಬದಲಾಗದ ಸಂಗತಿಗಳೂ ಇವೆ. ಬಂಧಿಸಿದವನನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿಯಲ್ಲಿ ಇದು 1950ರಿಂದಲೇ ಇದೆ, ಅಂದರೆ ಸಿಆರ್‌ಪಿಸಿಗಿಂತ ಮೊದಲೇ ಇಲ್ಲಿಗೆ ಬಂದಿದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಅನ್ನುವುದು ಇನ್ನೂ ಹಳೆಯದು, ಬ್ರಿಟಿಷರ 1861ರ ಕಾಯ್ದೆಯದು. ಹೊಡೆದು ಬಾಯಿ ಬಿಡಿಸಿದ ಮಾತನ್ನು ಅವರೂ ನಂಬಲಿಲ್ಲ. (‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂದು ಬರೆದು ಕಳಿಸುವ ನಮ್ಮಂಥ ವರದಿಗಾರರೂ ಇದನ್ನು ನೆನಪಿಡಬೇಕು.) ಆ ಮಾತಿನಿಂದ ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಿಸಿದ ಅಷ್ಟು ಮಾತನ್ನು ಮಾತ್ರ ಕೋರ್ಟ್ ತೆಗೆದುಕೊಳ್ಳುತ್ತದೆ.

ಬಂಧನದ ಕಾಗದಪತ್ರ ಬಿಗಿಯಾದದ್ದು ಡಿ.ಕೆ. ಬಸು ಪ್ರಕರಣದಿಂದ. ಲಾಕಪ್ ಸಾವುಗಳ ಬಗ್ಗೆ ಅವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಯಿತು. 1996ರ ತೀರ್ಪು ಹನ್ನೊಂದು ಸೂಚನೆ ಕೊಟ್ಟಿತು. ಬಂಧಿಸುವವರ ಹೆಸರು ಎದೆಯ ಮೇಲೆ ಕಾಣಬೇಕು, ತಾರೀಖು ಮತ್ತು ಸಮಯ ಹಾಕಿದ ಮೆಮೋಕ್ಕೆ ಮನೆಯವರದೋ ಊರ ಹಿರಿಯರದೋ ಸಹಿ ಬೇಕು, ಸಂಬಂಧಿಕರಿಗೆ ಸುದ್ದಿ ಮುಟ್ಟಬೇಕು. ತನಗೂ ರಕ್ಷಣೆ ಈ ಕಾಗದವೇ ಎಂದು ಪೇದೆಗೆ ಗೊತ್ತಾಗುವುದು ಕೋರ್ಟಿನ ಕಟಕಟೆಯಲ್ಲಿ. ಬಾಯಿಮಾತಿನಲ್ಲಿ ‘ಕರಕೊಂಡು ಬಾ’ ಅಂದ ಸಾಹೇಬರು ಅವತ್ತು ವರ್ಗವಾಗಿ ಹೋಗಿರುತ್ತಾರೆ.

2014ರ ಅರ್ನೇಶ್ ಕುಮಾರ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ ಬಂಧನ ಯಾಕೆ ಬೇಕು ಎಂದು ಕಾರಣ ಬರೆಯಬೇಕು; ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು. ತಪ್ಪಿದರೆ ಇಲಾಖಾ ಕ್ರಮ, ನ್ಯಾಯಾಂಗ ನಿಂದನೆ ಎರಡೂ ಮೈಮೇಲೆ. ಈಗ ಆ ನೋಟಿಸು ಕಲಂ 35(3). ಹೊಸದಾಗಿ ಸೇರಿದ್ದು 35(7): ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ, ಅರವತ್ತು ದಾಟಿದವರನ್ನು ಇಲ್ಲವೇ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ಅನುಮತಿ ಮೊದಲೇ ಬೇಕು. ಹೊಲದ ಬದುವಿನ ಜಗಳದಲ್ಲಿ ಎರಡೇಟು ಹೊಡೆದ ಮುದುಕನನ್ನು ಜೀಪಿಗೆ ಹತ್ತಿಸುವ ಮುನ್ನ ಇದನ್ನು ಓದಬೇಕು.

ಸರಹದ್ದಿನ ಮಾತೂ ಬದಲಾಗಿದೆ. ದುಡಿಯಲು ಮಂಗಳೂರಿಗೋ ಬೆಂಗಳೂರಿಗೋ ಹೋದ ಹೆಣ್ಣುಮಗಳಿಗೆ ಅಲ್ಲಿ ಅನ್ಯಾಯವಾಗಿದ್ದರೂ ಯಲಬುರ್ಗಾ ಠಾಣೆಯಲ್ಲೇ ದೂರು ಕೊಡಬಹುದು. ಸಂಜ್ಞೇಯ ಅಪರಾಧವಾದರೆ ಇಲ್ಲಿಯೇ ಝೀರೋ ಎಫ್‌ಐಆರ್ ಮಾಡಿ ಆ ಠಾಣೆಗೆ ಕಳಿಸಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ‘ಇದು ನಮ್ಮ ಸರಹದ್ದಲ್ಲ, ಅಲ್ಲಿಗೇ ಹೋಗು ತಂಗಿ’ ಎಂದು ಬಾಗಿಲಿಂದಲೇ ಕಳಿಸಲು 173ನೇ ಕಲಮಿನಲ್ಲಿ ಜಾಗವಿಲ್ಲ.