ಇಂಡಿಯಾ ಟೀಮಿಗೆ ಯಾವಾಗ?

ಮಂಗಳೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿಯ ಸೆಕೆ, ಮಳೆ, ತುಳು ಮಾತು ಎಲ್ಲವೂ ನನ್ನವಾಗಿವೆ. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಈಗಲೂ ತವರಿನವಳೇ. ಸ್ಟಾಫ್ ರೂಮಿನಲ್ಲಿ ಕ್ರಿಕೆಟ್ಟಿನ ಮಾತು ಬಂದರೆ ಉತ್ತರಪತ್ರಿಕೆಯ ಕಟ್ಟು ಬಿಚ್ಚಿ ಕೂರುತ್ತೇನೆ. ಹಾಕಿಯ ಮಾತು ಬಂದರೆ ಕೆಂಪು ಪೆನ್ನು ಕೆಳಗಿಡುತ್ತೇನೆ.

ನನ್ನ ತವರು ಕೊಡಗಿನ ಸೋಮವಾರಪೇಟೆ. ಸುಳ್ಯ, ಸಂಪಾಜೆ ದಾಟಿ, ಘಾಟಿ ಹತ್ತಿ, ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ನಮ್ಮ ಕಡೆ ಹುಡುಗನೊಬ್ಬ ಹಾಕಿ ಕೋಲು ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಏನಪ್ಪಾ, ಇಂಡಿಯಾ ಟೀಮಿಗೆ ಯಾವಾಗ?" ಪ್ರೀತಿಯಿಂದಲೇ ಕೇಳುವುದು. ನಾನೂ ಕೇಳಿದ್ದೇನೆ. ಆ ಪ್ರಶ್ನೆ ಎಷ್ಟು ಭಾರದ್ದು ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಅದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಚರಿತ್ರೆ ಕಲಿಸುವವಳಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಸುರುಮಾಡುತ್ತೇನೆ. 1928ರ ಆಮ್‌ಸ್ಟರ್‌ಡಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಒಂದರ ಹಿಂದೆ ಒಂದರಂತೆ ಆರು ಒಲಿಂಪಿಕ್ಸ್ ಚಿನ್ನ, 1964ರಲ್ಲಿ ಮತ್ತೊಂದು. ಹೊಟ್ಟೆಗೆ ಹಿಟ್ಟಿಲ್ಲದ ಕಾಲದಲ್ಲೂ ಹಾಕಿಯಲ್ಲಿ ನಾವು ರಾಜರು. ಆ ವೈಭವದ ಕೊನೆಯ ಭಾಗದಲ್ಲಿ ನಮ್ಮ ಕೊಡಗಿನ ಪಾಲೂ ಇತ್ತು. 1972ರಲ್ಲಿ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದಾಗ ಗಣೇಶರೇ ನಾಯಕ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಲ್ಲಿ ಎಂ.ಎಂ. ಸೋಮಯ್ಯ.

ಮಾಸ್ಕೋ ಫೈನಲ್‌ನ ದಿನ ನನಗೆ ಹತ್ತು ವರ್ಷ. ಅಪ್ಪ ಕಾಫಿ ತೋಟದಲ್ಲಿ ರೈಟರಾಗಿದ್ದರು. ಲೈನ್ ಮನೆಯವರೆಲ್ಲ ನಮ್ಮ ಜಗಲಿಗೆ ಬಂದು ರೇಡಿಯೋದ ಸುತ್ತ ಕೂತಿದ್ದರು. ಹೊರಗೆ ಜುಲೈ ತಿಂಗಳ ಮಳೆ, ಒಳಗೆ ರೇಡಿಯೋದ ಗರಗರ. ಸ್ಪೇನ್ ವಿರುದ್ಧ 4-3ರಲ್ಲಿ ನಾವು ಗೆದ್ದೆವು ಎಂದಾಗ ಅಪ್ಪ ಎದ್ದು ನಿಂತು ಎಲ್ಲರಿಗೂ ಕಾಫಿ ಮಾಡಿಸಿದರು. ಅದು ಎಂಟನೆಯ ಚಿನ್ನ. ಒಂಬತ್ತನೆಯದು ಇನ್ನೂ ಬಂದಿಲ್ಲ. ಅಪ್ಪ ಕಾಯುತ್ತ ಕಾಯುತ್ತ ತೀರಿಕೊಂಡರು.

ಅಷ್ಟರಲ್ಲೇ ಆಟ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂತು. ಅಲ್ಲಿ ನಾವು ಏಳನೆಯವರು. ಹುಲ್ಲಿನ ಮೇಲೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಆಡುವ ಚಳಕಕ್ಕಿಂತ, ಹಾಸಿನ ಮೇಲೆ ಓಟಕ್ಕೂ ದಮ್ಮಿಗೂ ಬೆಲೆ ಹೆಚ್ಚು. ಶ್ರೀಮಂತ ದೇಶಗಳು ಊರೂರಿಗೆ ಹಾಸು ಹಾಕಿದವು. ನಮ್ಮ ಮಕ್ಕಳು ಮಣ್ಣಿನ ಮೈದಾನದಲ್ಲಿ ಕಲಿತು, ದೊಡ್ಡವರಾದ ಮೇಲೆ ದೂರದೂರಿಗೆ ಹೋಗಿ ಹಾಸನ್ನು ಕಂಡರು. 1984ರಲ್ಲಿ ಐದನೆಯ ಸ್ಥಾನ, 1988ರಲ್ಲಿ ಆರು, 1992ರಲ್ಲಿ ಏಳು, 1996ರಲ್ಲಿ ಎಂಟು. ಮಗ್ಗಿ ಒಪ್ಪಿಸಿದ ಹಾಗೆ ಇಳಿದೆವು. ನೆಲ ಬದಲಾಯಿತು, ನಮ್ಮ ನಿರೀಕ್ಷೆ ಮಾತ್ರ ಬದಲಾಗಲಿಲ್ಲ. ಅಜ್ಜಂದಿರು ಗೆದ್ದ ಚಿನ್ನವೆಲ್ಲ ಮೊಮ್ಮಕ್ಕಳ ತಲೆಯ ಮೇಲೆ ಸಾಲವಾಗಿ ಕೂತಿತು.

ಈ ಸಾಲ ಈಗ ತೀರಿತು ಎಂದು ನಾವೆಲ್ಲ ಅಂದುಕೊಂಡದ್ದು 2001ರಲ್ಲಿ. ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಜೂನಿಯರ್ ವಿಶ್ವಕಪ್ ಫೈನಲ್. ನಮ್ಮ ಹುಡುಗರು ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಮೊದಲ ಬಾರಿಗೆ ಆ ಕಪ್ ಗೆದ್ದರು. ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ಜುಗರಾಜ್ ಸಿಂಗ್. ಜೊತೆಗೆ ನಮ್ಮ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ! ಊರಿಗೆ ಊರೇ ಹಬ್ಬ ಮಾಡಿತು. "ಇವರೇ ಇನ್ನು ಒಲಿಂಪಿಕ್ಸ್ ಚಿನ್ನ ತರುವವರು" ಎಂದು ಅಣ್ಣ ನನಗೆ ಫೋನ್ ಮಾಡಿ ಹೇಳಿದ. ಅರ್ಜುನ್‌ಗೆ ಆಗ ಇನ್ನೂ ಇಪ್ಪತ್ತು ವರ್ಷ. ಅವರಿಂದ ನಾವು ಮೂರೇ ವರ್ಷದಲ್ಲಿ ಚಿನ್ನ ಬೇಕೆಂದೆವು.

2003ರಲ್ಲಿ ಜುಗರಾಜ್ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ಆಗ ಅವರದು ಇಪ್ಪತ್ತರ ಪ್ರಾಯ. ಒಲಿಂಪಿಕ್ಸ್ ಹತ್ತಿರ ಬಂದಾಗ, ಈ ಹುಡುಗರನ್ನು ಬೆಳೆಸಿದ ಕೋಚ್ ರಾಜಿಂದರ್ ಸಿಂಗ್ ಅವರನ್ನು ಕೆಳಗಿಳಿಸಿ ಜರ್ಮನಿಯಿಂದ ಬೇರೊಬ್ಬರನ್ನು ಕರೆತಂದರು. 2004ರ ಅಥೆನ್ಸ್‌ನಲ್ಲಿ ಮತ್ತೆ ಏಳನೆಯ ಸ್ಥಾನ. ಮೂರು ವರ್ಷ ಹೊತ್ತು ಮೆರೆಸಿದವರನ್ನು ಮೂರು ವಾರದಲ್ಲಿ ಕೆಳಗಿಳಿಸಿದೆವು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗುವ ಅರ್ಹತೆಯೂ ಸಿಗಲಿಲ್ಲ. ಎಂಬತ್ತು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು.

ಇದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಬ್ಬ ಹುಡುಗ ಕೋಲು ಹಿಡಿದಿದ್ದ. ಅಣ್ಣನ ಮಗ. ಹೋಬಾರ್ಟ್‌ನ ಗೆಲುವಿನ ವರ್ಷ ಅವನಿಗೆ ಹತ್ತು. ಎರಡು ವರ್ಷ ಕಳೆದು ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದ. ರಜೆಯಲ್ಲಿ ಮಂಗಳೂರಿಗೆ ಬಂದರೆ ಬೆಳಗ್ಗೆ ಐದಕ್ಕೆ ಎದ್ದು ನಮ್ಮ ಓಣಿಯಲ್ಲಿ ಓಡುತ್ತಿದ್ದ. ಹಿಂಭಾಗದಲ್ಲಿ ಆಡುವವನು, ಅಂದರೆ ತಡೆಯುವ ಕೆಲಸ. ಗೋಲು ಹೊಡೆಯುವವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನದು ಬರುವುದಿಲ್ಲ. ನಾನು ಪ್ರತಿಸಲ ಕೇಳುತ್ತಿದ್ದೆ: "ಎಷ್ಟು ಗೋಲು ಹೊಡೆದೆ ಮಗ?" ಅವನು ನಕ್ಕು, "ಅತ್ತೆ, ನಾನು ಹೊಡೆಯುವವನಲ್ಲ" ಎನ್ನುತ್ತಿದ್ದ.

2009ರಲ್ಲಿ ಜೂನಿಯರ್ ಶಿಬಿರದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಆ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ನೆಂಟರೊಬ್ಬರ ಮದುವೆ. ಊಟದ ಪಂಕ್ತಿಯಲ್ಲಿ ಅವನನ್ನು ಕಂಡವರೆಲ್ಲ "ಇಂಡಿಯಾ ಟೀಮಿಗೆ ಯಾವಾಗ?" ಎನ್ನುವವರೇ. ಅವನು ತಲೆ ತಗ್ಗಿಸಿ ಪಾಯಸ ಕಲಸುತ್ತಿದ್ದ. ಆಗ ನಾನು, ಪಾಠ ಹೇಳಿ ಹೇಳಿ ಗಂಟಲು ದೊಡ್ಡದಾದವಳು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಆರು ವರ್ಷ ಕೋಲು ತಿರುಗಿಸಿದ್ದು ಸಾಕು ಮಾರಾಯ. ಆಗುವುದಿದ್ದರೆ ಇಷ್ಟರಲ್ಲಿ ಆಗುತ್ತಿತ್ತು. ಡಿಗ್ರಿಯಾದರೂ ಮುಗಿಸು." ಅತ್ತಿಗೆ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ಜೂನ್‌ನಲ್ಲಿ ಅವನು ಹಾಸ್ಟೆಲ್ ಬಿಟ್ಟು ಬಿ.ಕಾಂ. ಸೇರಿದ. ಕೋಲು ಅಟ್ಟ ಸೇರಿತು. ಆವತ್ತು ನನಗೆ ಸಮಾಧಾನವೇ ಆಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅದೇ 2009ರಲ್ಲಿ ನಮ್ಮದೇ ಊರಿನ ಇನ್ನೊಬ್ಬ ಹುಡುಗ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಷಾ ಕಪ್ ಆಡುತ್ತಿದ್ದರು. ಎಸ್.ವಿ. ಸುನಿಲ್, ನಮ್ಮ ಹುಡುಗನಿಗಿಂತ ಎರಡು ವರ್ಷ ದೊಡ್ಡವರು. ಟೂರ್ನಿಯ ನಡುವೆ ತಂದೆ ತೀರಿಕೊಂಡ ಸುದ್ದಿ ಬಂತು. ಇಪ್ಪತ್ತು ತುಂಬದ ಆ ಹುಡುಗ ಅಲ್ಲೇ ಉಳಿದು ಆಡಿದರು, ಭಾರತ ಕಪ್ ಗೆದ್ದಿತು. ಆದರೆ 2012ರ ಲಂಡನ್‌ನಲ್ಲಿ ನಮ್ಮ ತಂಡ ಆಡಿದ ಆರೂ ಪಂದ್ಯ ಸೋತು ಹನ್ನೆರಡನೆಯದಾಗಿ, ಅಂದರೆ ಕಟ್ಟಕಡೆಗೆ ನಿಂತಿತು. ಆ ತಂಡದಲ್ಲಿ ಸುನಿಲ್ ಜೊತೆ ಕೊಡಗಿನ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ ಕೂಡ ಇದ್ದರು. "ಎಲ್ಲರನ್ನೂ ಕಿತ್ತುಹಾಕಬೇಕು" ಎಂದು ನಮ್ಮ ಸ್ಟಾಫ್ ರೂಮಿನಲ್ಲೂ ಮಾತಾಯಿತು. ನಾನೂ ತಲೆಯಾಡಿಸಿದೆ.

ಕಿತ್ತುಹಾಕಲಿಲ್ಲ, ಪುಣ್ಯ. 2014ರ ಅಕ್ಟೋಬರ್ 2ರಂದು ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ 4-2ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗ ಈ ಮೂವರೂ ತಂಡದಲ್ಲಿದ್ದರು. ಸುನಿಲ್ 2016ರ ಸಾಲಿನ ಏಷ್ಯಾದ ಶ್ರೇಷ್ಠ ಆಟಗಾರರೆನಿಸಿದರು. 2021ರಲ್ಲಿ ನಿವೃತ್ತರಾಗುವಾಗ 264 ಪಂದ್ಯ, 72 ಗೋಲು. ಲಂಡನ್‌ನ ಮರುದಿನ ಅವರ ಲೆಕ್ಕ ಮುಗಿಸಿದ್ದರೆ ಇದರಲ್ಲಿ ಹೆಚ್ಚಿನದು ಇರುತ್ತಲೇ ಇರಲಿಲ್ಲ.

ಇಂಚಿಯಾನ್ ಫೈನಲ್‌ನ ದಿನ ದಸರಾ ರಜೆಗೆ ನಾನು ತವರಿನಲ್ಲಿದ್ದೆ. ಅಣ್ಣನ ಮಗ ಟಿ.ವಿ. ಮುಂದೆ ನಿಂತುಕೊಂಡೇ ಆಟ ನೋಡಿದ. ಮುಗಿದ ಮೇಲೆ ಹೊರಗೆ ಹೋಗಿ ಕಾಫಿ ಕಣದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಅವನಿಗೆ ಆಟ ಕಲಿಸಿದ ಮೇಷ್ಟ್ರು ಆ ವಾರ ಪೇಟೆಯಲ್ಲಿ ಸಿಕ್ಕಿದ್ದರು. ನಾನೇ ಕೇಳಿದೆ, ಅವನು ಬಿಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ. ಅವರು ಹೇಳಿದರು: "ಟೀಚರ್, ಹಿಂದೆ ನಿಂತು ಆಡುವ ಹುಡುಗರಿಗೆ ಆಟ ಅರ್ಥವಾಗಲಿಕ್ಕೇ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷ ಆಗಬೇಕು. ಅವನಿಗೆ ಆಗುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಅದನ್ನು ತೀರ್ಮಾನ ಮಾಡಬೇಕಾದವನು ಅವನು. ಮದುವೆಗೆ ಬಂದವರಲ್ಲ." ಮದುವೆಯ ಮಾತು ಅವರ ತನಕ ಹೋಗಿತ್ತು! ಅಡಿಕೆ ಸಸಿ ನೆಟ್ಟರೆ ಫಸಲಿಗೆ ನಾಲ್ಕೈದು ವರ್ಷ ಸುಮ್ಮನೆ ಕಾಯುವವರು ನಾವು. ಮಕ್ಕಳ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗುತ್ತದೋ.

ಹುಡುಗರಿಗೆ ನಿರೀಕ್ಷೆಯ ಭಾರವಾದರೆ, ನಮ್ಮ ಹುಡುಗಿಯರಿಗೆ ಬಹುಕಾಲ ನಿರೀಕ್ಷೆಯೇ ಇರಲಿಲ್ಲ. ಬೆಂಗಳೂರಿನ ಎಲ್ವೆರಾ ಬ್ರಿಟ್ಟೋ 1960ರಿಂದ 1967ರವರೆಗೆ ಮೈಸೂರು ರಾಜ್ಯದ ಮಹಿಳಾ ತಂಡದ ನಾಯಕಿಯಾಗಿ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅಕ್ಕತಂಗಿಯರು ಮೂವರೂ ಆಡುತ್ತಿದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ಬಂದದ್ದೇ 1980ರಲ್ಲಿ. ಅವರನ್ನು "ಒಲಿಂಪಿಕ್ಸ್‌ಗೆ ಯಾವಾಗ?" ಎಂದು ಕೇಳುವವರು ಎಲ್ಲಿಂದ ಬರಬೇಕು? 2022ರಲ್ಲಿ ಅವರು ತೀರಿಕೊಂಡಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಗೂ ಆ ಹೆಸರು ಗೊತ್ತಿರಲಿಲ್ಲ. ಆವತ್ತಿನ ಚರಿತ್ರೆಯ ಪಾಠ ಅದೇ ಆಯಿತು.

ಮಾಸ್ಕೋದ ಅನಂತರ ನಮ್ಮ ಹುಡುಗಿಯರು ಒಲಿಂಪಿಕ್ಸ್‌ಗೆ ಹೋಗಲು ಮೂವತ್ತಾರು ವರ್ಷ ಬೇಕಾಯಿತು. 2016ರ ರಿಯೋದಲ್ಲಿ ಅವರಿಗೆ ಕೊನೆಯ ಸ್ಥಾನ. ಆದರೂ ರಾಣಿ ರಾಂಪಾಲ್, ಸವಿತಾ, ವಂದನಾ ಕಟಾರಿಯಾ ಮೊದಲಾದವರನ್ನು ಉಳಿಸಿಕೊಂಡೇ ತಂಡ ಕಟ್ಟಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಮೂರು ಪಂದ್ಯ ಸೋತು, ಆಮೇಲೆ ಎದ್ದು ನಿಂತು, ಆಸ್ಟ್ರೇಲಿಯಾವನ್ನು ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂದರು. ಸೆಮಿಫೈನಲ್ ಸೋತ ದಿನ ಏನಾಯಿತು ಗೊತ್ತೇ? ಹರಿದ್ವಾರದ ಹತ್ತಿರ ವಂದನಾ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು, ಜಾತಿ ಹಿಡಿದು ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅದಕ್ಕೆ ಕೆಲವೇ ದಿನ ಮೊದಲು ದಕ್ಷಿಣ ಆಫ್ರಿಕಾದ ವಿರುದ್ಧ ಮೂರು ಗೋಲು ಹೊಡೆದವಳು ಆಕೆ! ಪೇಪರು ಓದಿ ನನಗೆ ಸಿಟ್ಟು ಬಂತು. ಆಮೇಲೆ ಮದುವೆಯ ಪಂಕ್ತಿ ನೆನಪಾಯಿತು. ಅವರು ಮಾಡಿದ್ದು ದ್ವೇಷದಿಂದ, ನಾನು ಆಡಿದ್ದು ಪ್ರೀತಿಯಿಂದ, ಎರಡೂ ಒಂದಲ್ಲ. ಆದರೆ ಕೇಳಿಸಿಕೊಂಡು ತಲೆ ತಗ್ಗಿಸಿದ್ದು ಎರಡು ಕಡೆಯೂ ಆಡಿದ ಮಕ್ಕಳೇ.

ಅದೇ ಟೋಕಿಯೋದಲ್ಲಿ ಗಂಡಸರ ತಂಡ ಜರ್ಮನಿಯನ್ನು 5-4ರಿಂದ ಸೋಲಿಸಿ ನಲವತ್ತೊಂದು ವರ್ಷದ ಮೇಲೆ ಪದಕ ತಂದಿತು. ಕಂಚು, 2024ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು. ಟೋಕಿಯೋದ ತಂಡವನ್ನು ಬಿಡಿಸಿ ನೋಡಿದರೆ 2016ರ ಡಿಸೆಂಬರಿನಲ್ಲಿ ಲಕ್ನೋದಲ್ಲಿ ಬೆಲ್ಜಿಯಂ ವಿರುದ್ಧ ಜೂನಿಯರ್ ವಿಶ್ವಕಪ್ ಗೆದ್ದ ಹುಡುಗರು ಸಾಲಾಗಿ ಕಾಣುತ್ತಾರೆ: ಹರ್ಮನ್‌ಪ್ರೀತ್, ಮನದೀಪ್, ಸಿಮ್ರನ್‌ಜೀತ್, ವರುಣ್, ಸುಮಿತ್. ಹೋಬಾರ್ಟ್‌ನವರಿಗೆ ಇಲ್ಲದ ಎರಡು ಅನುಕೂಲ ಇವರಿಗೆ ಸಿಕ್ಕಿತು. 2018ರಿಂದ ಒಡಿಶಾ ಸರಕಾರ ತಂಡದ ಬೆನ್ನಿಗೆ ನಿಂತಿತು. ಪದೇ ಪದೇ ಕೋಚ್ ಬದಲಿಸುತ್ತಿದ್ದವರು 2019ರಲ್ಲಿ ಬಂದ ಗ್ರಹಾಂ ರೀಡ್ ಅವರನ್ನು ಒಲಿಂಪಿಕ್ಸ್‌ವರೆಗೂ ಉಳಿಸಿಕೊಂಡರು. ಹಾಗೆಂದು ಕಾದರೆ ಎಲ್ಲರಿಗೂ ಫಲ ಸಿಗುತ್ತದೆ ಎಂದೇನಿಲ್ಲ. ಲಕ್ನೋದಲ್ಲಿ ಕಪ್ ಎತ್ತಿದ ನಾಯಕ ಹರ್ಜೀತ್ ಸಿಂಗ್ ಟೋಕಿಯೋ ತಂಡದಲ್ಲಿರಲಿಲ್ಲ. ಅದರಿಂದ ಆತನ ಲಕ್ನೋದ ಆಟ ಸುಳ್ಳಾಗುತ್ತದೆಯೇ?

ಈಗ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಹಾಕಿ ಲೀಗ್ ಇದೆ. 2013ರಲ್ಲಿ ಸುರುವಾಗಿ 2017ರ ಬಳಿಕ ನಿಂತುಹೋಗಿ, 2024ರ ಕೊನೆಗೆ ಮತ್ತೆ ಬಂತು. 2025ರಲ್ಲಿ ಮೊದಲ ಸಲ ಮಹಿಳೆಯರಿಗೂ ನಡೆಯಿತು. ಹುಡುಗಿಯೊಬ್ಬಳಿಗೆ ಲಕ್ಷಗಟ್ಟಲೆ ಬೆಲೆ ಬಂದರೆ ನನಗೆ ಸಂತೋಷವೇ. ಆದರೆ ಹಣೆಗೆ ಬೆಲೆಯ ಚೀಟಿ ಅಂಟಿಸಿದ ಮೇಲೆ ನೋಡುವವರ ತಾಳ್ಮೆ ಇನ್ನೂ ಕಡಿಮೆಯಾಗುತ್ತದೇನೋ ಎಂಬ ಹೆದರಿಕೆಯೂ ಇದೆ.

ತಾಳ್ಮೆಯ ಪ್ರೇಕ್ಷಕರನ್ನು ನಾನು ಕಂಡದ್ದು ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಕುಟುಂಬಗಳನ್ನು ಸೇರಿಸಿ ಸುರುಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ಅಲ್ಲಿ ಅಜ್ಜ ಮೊಮ್ಮಗ ಒಂದೇ ತಂಡ, ಸೊಸೆ ಮಗಳೂ ಮೈದಾನದಲ್ಲಿ. ಹುಡುಗನೊಬ್ಬ ಸುಲಭದ ಗೋಲು ತಪ್ಪಿಸಿದರೆ ಗ್ಯಾಲರಿಯಲ್ಲಿ ಕೂತ ಅಜ್ಜಿ "ಅಯ್ಯೋ" ಎನ್ನುತ್ತಾರೆ, ಬೈಯುವುದಿಲ್ಲ. ತಾನೂ ಒಮ್ಮೆ ಕೋಲು ಹಿಡಿದವರಿಗೆ ಚೆಂಡು ಹೇಗೆ ತಪ್ಪುತ್ತದೆ ಎಂದು ಗೊತ್ತು. ಗೊತ್ತಿಲ್ಲದವರು ನಾವೇ, ಬರೀ ಅಂಕಪಟ್ಟಿ ನೋಡುವವರು.

ಅಣ್ಣನ ಮಗ ಈಗ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಕೆಲವು ವರ್ಷಗಳಿಂದ ಅಟ್ಟದ ಕೋಲು ಕೆಳಗಿಳಿದಿದೆ. ಭಾನುವಾರ ಬೆಳಗ್ಗೆ ಮಕ್ಕಳಿಗೆ ಆಟ ಕಲಿಸುತ್ತಾನೆ. ಕಳೆದ ಬೇಸಿಗೆ ರಜೆಯಲ್ಲಿ ಅವನ ಜೊತೆ ನಾನೂ ಮೈದಾನಕ್ಕೆ ಹೋಗಿದ್ದೆ. ಒಬ್ಬ ತಾಯಿ ಹನ್ನೊಂದು ವರ್ಷದ ಮಗಳ ಕೈ ಹಿಡಿದು ಬಂದು ಕೇಳಿದರು: "ಸರ್, ಇವಳು ಇಂಡಿಯಾ ಟೀಮಿಗೆ ಯಾವಾಗ ಹೋಗಬಹುದು?"

ಅವನು ನನ್ನ ಕಡೆ ನೋಡಿ ನಕ್ಕ. ನಾನು ನೆಲ ನೋಡಿದೆ. "ಮೊದಲು ಚೆಂಡು ನಿಲ್ಲಿಸುವುದನ್ನು ಕಲಿಯಲಿ ಅಕ್ಕ. ಮನೆಗೆ ಬಂದ ಮೇಲೆ ಎಷ್ಟು ಗೋಲು ಅಂತ ಕೇಳಬೇಡಿ. ಆಟ ಹೇಗಿತ್ತು ಅಂತ ಕೇಳಿ" ಎಂದ.

ವಾಪಸು ಬರುವಾಗ ದಾರಿಯಲ್ಲಿ ನಾನು ಕೇಳಿದೆ, "ಇವತ್ತು ಆಟ ಹೇಗಿತ್ತು ಮಗ?" ಇಷ್ಟು ವರ್ಷಗಳಲ್ಲಿ ಮೊದಲ ಸಲ. ಮನೆ ತಲುಪುವವರೆಗೂ ಅವನು ಹೇಳುತ್ತಲೇ ಇದ್ದ.