ಕೊನೆಯ ಗಂಟೆಯ ನಂತರ: ಇಂಗ್ಲೆಂಡಿನ ವಿಸ್ತೃತ ಶಾಲೆಗಳ ಹಿಂದಿನ ಒಂದು ಶತಮಾನ

2005ರ ಜೂನ್‌ನಲ್ಲಿ ಇಂಗ್ಲೆಂಡಿನ ಶಿಕ್ಷಣ ಇಲಾಖೆ ‘ವಿಸ್ತೃತ ಶಾಲೆ’ಗಳ ಯೋಜನಾಪತ್ರವನ್ನು ಹೊರತಂದಿತು. 2010ರೊಳಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ, ವರ್ಷದ 48 ವಾರ, ಆರೈಕೆ ಸಿಗಬೇಕೆಂಬುದು ಅದರ ಮುಖ್ಯ ಗುರಿ. ಪಾಠದಾಚೆಗಿನ ಚಟುವಟಿಕೆ, ತಂದೆತಾಯಿಗೆ ನೆರವು, ತಜ್ಞರ ಸೇವೆಗೆ ಬೇಗ ದಾರಿ, ಊರಿನವರಿಗೂ ಶಾಲೆಯ ಸಭಾಂಗಣ, ಮೈದಾನ ಇವೂ ಸೇರಿದ್ದವು. ಆ ಕಾಲದ ಬರಹಗಳನ್ನು ಓದಿದರೆ ಇದೆಲ್ಲ ಹೊಚ್ಚ ಹೊಸದೇನೋ ಎನಿಸುತ್ತದೆ. ವಾಸ್ತವದಲ್ಲಿ ಈ ವಿಚಾರಕ್ಕೆ ಆಗಲೇ ನೂರು ವರ್ಷ ತುಂಬಿತ್ತು. ಅದು ಮತ್ತೆ ಮತ್ತೆ ಚಿಗುರಿ ಬಾಡಿದ್ದಕ್ಕೆ ಕಾರಣ ಕಲ್ಪನೆಯ ಬಡತನವಲ್ಲ. ಸಂಸತ್ತು ಪ್ರತಿ ಸಲವೂ ಅನುಮತಿ ಕೊಟ್ಟಿತು, ಶಾಲೆಯ ಮೇಲೆ ಹೊಣೆಯನ್ನು ಮಾತ್ರ ಹೊರಿಸಲಿಲ್ಲ ಎಂಬುದು ಈ ಲೇಖನದ ವಾದ.

ಕಥೆ ಆರಂಭವಾಗುವುದು ಒಬ್ಬ ಕಾದಂಬರಿಕಾರ್ತಿಯಿಂದ. ಮೇರಿ ವಾರ್ಡ್ ತಮ್ಮ ಕಾಲದಲ್ಲಿ ಅಪಾರ ಓದುಗರಿದ್ದ ಲೇಖಕಿ. ಪತಿಯ ಹೆಸರಿನಲ್ಲಿ, ‘ಮಿಸೆಸ್ ಹಂಫ್ರಿ ವಾರ್ಡ್’ ಎಂದೇ ಬರೆದವರು. ಪತ್ರಿಕೋದ್ಯಮಿ ಪಾಸ್‌ಮೋರ್ ಎಡ್ವರ್ಡ್ಸ್ ಅವರ ಹಣದಿಂದ ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ 1897ರಲ್ಲಿ ತೆರೆದ ಸೇವಾಕೇಂದ್ರ ಅವರ ಕಾರ್ಯಕ್ಷೇತ್ರ. ಶಾಲೆ ಬಿಟ್ಟ ಮೇಲೆ ಬೀದಿಯೇ ಗತಿಯಾಗಿದ್ದ ದುಡಿಯುವ ವರ್ಗದ ಮಕ್ಕಳಿಗೆ ಅಲ್ಲಿ ಆಟ, ಹಾಡು, ಕುಣಿತ, ಕೈಕೆಲಸಗಳಿಗೆ ಅವಕಾಶವಾಯಿತು. ಬಾಗಿಲಲ್ಲಿ ಮಕ್ಕಳ ನೂಕುನುಗ್ಗಲು. ಸಂಜೆಯಾದರೆ ಬೀಗ ಬೀಳುವ ಸರ್ಕಾರಿ ಶಾಲೆಗಳು ಸುತ್ತಲೂ ಇರುವಾಗ ಹೊಸ ಕಟ್ಟಡ ಯಾಕೆ ಎಂಬ ಸರಳ ಲೆಕ್ಕಾಚಾರದಿಂದ ವಾರ್ಡ್ 1905ರಲ್ಲಿ ಲಂಡನ್ನಿನ ಶಾಲಾ ಕಟ್ಟಡಗಳಲ್ಲೇ ‘ಸಂಜೆ ಆಟದ ಕೇಂದ್ರ’ಗಳನ್ನು ತೆರೆದರು.

ಅವರ ಒತ್ತಾಯದಿಂದಲೇ 1907ರ ಶಿಕ್ಷಣ (ಆಡಳಿತಾತ್ಮಕ ಅವಕಾಶ) ಕಾಯ್ದೆಯಲ್ಲಿ ಒಂದು ವಿಧಿ ಸೇರಿತು. ರಜಾ ಶಾಲೆ, ಆಟದ ಕೇಂದ್ರಗಳನ್ನು ನಡೆಸುವ ಅಧಿಕಾರ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಸಿಕ್ಕಿತು. ಅದೇ ಕಾಯ್ದೆ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸಿತು ಎಂಬುದನ್ನು ಗಮನಿಸಬೇಕು: ತಪಾಸಣೆ ದೇಶವ್ಯಾಪಿಯಾಯಿತು, ಆಟದ ಕೇಂದ್ರಗಳು ಮಾತ್ರ ಬಹುಪಾಲು ದಾನಿಗಳ ಕೃಪೆಯಲ್ಲೇ ಉಳಿದವು. ಸರ್ಕಾರದ ಕಿಸೆ ಬಿಚ್ಚಲು ಮಹಾಯುದ್ಧವೇ ಬರಬೇಕಾಯಿತು. ತಂದೆ ರಣರಂಗದಲ್ಲಿ, ತಾಯಿ ಮದ್ದುಗುಂಡು ಕಾರ್ಖಾನೆಯಲ್ಲಿ. ಬಾಲಾಪರಾಧದ ಆತಂಕ ಹೆಚ್ಚಿದಾಗ, 1917ರಲ್ಲಿ, ಶಿಕ್ಷಣ ಮಂಡಳಿ ಅರ್ಧ ವೆಚ್ಚ ಭರಿಸಲು ಒಪ್ಪಿತು. ಇಷ್ಟೆಲ್ಲ ಮಾಡಿದ ವಾರ್ಡ್ ಮಹಿಳೆಯರ ಮತದಾನದ ಹಕ್ಕನ್ನು ವಿರೋಧಿಸಿದ ಚಳವಳಿಯ ಮುಂದಾಳೂ ಆಗಿದ್ದರು! ದುಡಿಯುವ ತಾಯಂದಿರಿಗೆ ಅನುಕೂಲ ಮಾಡಿಕೊಡುವುದಕ್ಕೂ ಸ್ತ್ರೀಸಮಾನತೆಗೂ ನೇರ ಗಂಟು ಹಾಕುವ ಇಂದಿನ ನಮ್ಮ ಅಭ್ಯಾಸ ಈ ಇತಿಹಾಸಕ್ಕೆ ಒಗ್ಗುವುದಿಲ್ಲ.

ಎರಡನೆಯ ಧಾರೆ ಹಳ್ಳಿಯದು. 1922ರಿಂದ 1954ರವರೆಗೆ ಕೇಂಬ್ರಿಡ್ಜ್‌ಶೈರ್‌ನ ಶಿಕ್ಷಣಾಧಿಕಾರಿಯಾಗಿದ್ದ ಹೆನ್ರಿ ಮಾರಿಸ್ 1924ರಲ್ಲಿ ‘ವಿಲೇಜ್ ಕಾಲೇಜ್’ ಯೋಜನೆ ಬರೆದರು. ಅವರ ಚಿಂತೆ ಮಕ್ಕಳ ಕಾವಲಲ್ಲ, ಖಾಲಿಯಾಗುತ್ತಿದ್ದ ಹಳ್ಳಿಗಳದು. ಶಾಲೆ, ಗ್ರಂಥಾಲಯ, ಸಭಾಂಗಣ, ವಯಸ್ಕರ ತರಗತಿ ಎಲ್ಲ ಒಂದೇ ಸೂರಿನಡಿ ಇರಬೇಕೆಂದು ಅವರು ಬಯಸಿದರು. 1930ರಲ್ಲಿ ಸಾಸ್ಟನ್‌ನಲ್ಲಿ ಮೊದಲನೆಯದು ತೆರೆಯಿತು. 1939ರ ಇಂಪಿಂಗ್ಟನ್ ಕಟ್ಟಡವನ್ನು ವಾಲ್ಟರ್ ಗ್ರೋಪಿಯಸ್ ಮತ್ತು ಮ್ಯಾಕ್ಸ್‌ವೆಲ್ ಫ್ರೈ ರೂಪಿಸಿದರು. ಜಿಲ್ಲಾ ಮಂಡಳಿಯ ಜಿಪುಣತನದಿಂದಾಗಿ ಮಾರಿಸ್ ಹಣಕ್ಕಾಗಿ ಹೊರಗಿನ ದತ್ತಿನಿಧಿಗಳ ಕದ ತಟ್ಟಬೇಕಾಯಿತು. ಕಲ್ಪನೆಯ ಘನತೆಯಲ್ಲಿ ನನ್ನ ದೃಷ್ಟಿಯಲ್ಲಿ ಇದಕ್ಕೆ ಸಾಟಿಯಿಲ್ಲ. 2005ರ ಯೋಜನಾಪತ್ರ ಇದರ ಮುಂದೆ ಕಚೇರಿಯ ಟಿಪ್ಪಣಿಯಂತೆ ಕಾಣುತ್ತದೆ.

ಮುಂದಿನ ತಿರುವಿಗೆ ಒಂದು ಸಾವು ಹಿನ್ನೆಲೆಯಾಯಿತು. ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪೋಷಕರ ಚಿತ್ರಹಿಂಸೆಗೆ ಬಲಿಯಾದಳು. ಪೋಷಕಿ ಆಕೆಯ ತಂದೆಯ ಅತ್ತೆ. ಆಸ್ಪತ್ರೆ, ಪೊಲೀಸ್, ಸಮಾಜಸೇವಾ ಇಲಾಖೆ ಮೂವರ ಕಣ್ಣಿಗೂ ಬಿದ್ದಿದ್ದ ಮಗುವನ್ನು ಉಳಿಸುವ ಅವಕಾಶಗಳು ಹೇಗೆ ಕೈತಪ್ಪಿದವು ಎಂಬುದನ್ನು 2003ರ ಲ್ಯಾಮಿಂಗ್ ವರದಿ ಬಿಡಿಸಿಟ್ಟಿತು. ಅದೇ ವರ್ಷದ ‘ಎವ್ರಿ ಚೈಲ್ಡ್ ಮ್ಯಾಟರ್ಸ್’ ಹಸಿರು ಪತ್ರ, ಸೇವೆಗಳನ್ನು ಒಗ್ಗೂಡಿಸುವ ತಾಣವಾಗಿ ಶಾಲೆಯನ್ನು ಕಂಡಿತು. ವಿಪರ್ಯಾಸವೆಂದರೆ ಆ ಹುಡುಗಿಯನ್ನು ಇಂಗ್ಲೆಂಡಿನ ಯಾವ ಶಾಲೆಗೂ ಸೇರಿಸಿರಲೇ ಇಲ್ಲ.

ಕಾನೂನಿನ ಚೌಕಟ್ಟು ಮಾತ್ರ ಹಳೆಯದೇ. 2002ರ ಶಿಕ್ಷಣ ಕಾಯ್ದೆಯ 27ನೆಯ ಸೆಕ್ಷನ್ ಸಮುದಾಯ ಸೇವೆ ನಡೆಸಲು ಶಾಲಾ ಆಡಳಿತ ಮಂಡಳಿಗಳಿಗೆ ಅಧಿಕಾರ ಕೊಟ್ಟಿತು, ಅಷ್ಟೇ. 2006ರ ಶಿಶುಪಾಲನಾ ಕಾಯ್ದೆ ಒಂದು ಹೊಣೆಯನ್ನೇನೋ ಹೊರಿಸಿತು. ಆದರೆ ಅದು ಸ್ಥಳೀಯ ಆಡಳಿತದ ಮೇಲೆ, ಅದೂ ಸಾಧ್ಯವಾದಷ್ಟರ ಮಟ್ಟಿಗೆ. ಪ್ರಾಯೋಗಿಕ ಶಾಲೆಗಳನ್ನು ಅಧ್ಯಯನ ಮಾಡಿದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ, ವೆಚ್ಚ ದೊಡ್ಡದಾದರೂ ಸಂಕಷ್ಟದಲ್ಲಿರುವ ಕುಟುಂಬಗಳ ಮಕ್ಕಳಿಗೆ ಪ್ರಯೋಜನ ದೊಡ್ಡದೇ ಎಂದು 2007ರಲ್ಲಿ ವರದಿ ಮಾಡಿತು. 2010ರಲ್ಲಿ ಸರ್ಕಾರ ಬದಲಾಯಿತು; ಮೀಸಲು ಅನುದಾನ ಶಾಲೆಯ ಸಾಮಾನ್ಯ ಬಜೆಟ್ಟಿನಲ್ಲಿ ಕರಗಿತು. ಕಾಯ್ದೆಯ ಬೆಂಬಲವಿಲ್ಲದ ಯೋಜನೆಯನ್ನು ಮುಗಿಸಲು ಇನ್ನೊಂದು ಕಾಯ್ದೆ ಬೇಕಾಗಲಿಲ್ಲ.

2023ರ ಮಾರ್ಚ್ ಬಜೆಟ್ಟಿನಲ್ಲಿ ಇನ್ನೊಂದು ಪಕ್ಷದ ಸರ್ಕಾರ 28.9 ಕೋಟಿ ಪೌಂಡ್ ಇಟ್ಟು, ಅದೇ 8ರಿಂದ 6ರ ಗುರಿಯನ್ನು ಮತ್ತೆ ಘೋಷಿಸಿತು. ಈ ಬಾರಿ ಮುಂದಿದ್ದ ಕಾರಣ ತಂದೆತಾಯಿಯ ಉದ್ಯೋಗ. 2024ರ ಡಿಸೆಂಬರ್‌ನಲ್ಲಿ ಲೇಬರ್ ಸರ್ಕಾರ ಮಂಡಿಸಿದ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಮಸೂದೆಯಲ್ಲಿ ಹೊಣೆಯನ್ನು ನೇರವಾಗಿ ಸರ್ಕಾರಿ ಅನುದಾನದ ಪ್ರಾಥಮಿಕ ಶಾಲೆಗಳ ಮೇಲೆಯೇ ಹೊರಿಸಲಾಯಿತು. ಅದರ ವ್ಯಾಪ್ತಿ ಉಚಿತ ಬೆಳಗಿನ ತಿಂಡಿ ಮತ್ತು ಪಾಠಕ್ಕೆ ಮುಂಚಿನ ಕನಿಷ್ಠ 30 ನಿಮಿಷದ ಆರೈಕೆಯಷ್ಟೇ. ಶಾಲೆ ಬಿಟ್ಟ ಮೇಲಿನ ಹೊತ್ತು ಅದರಲ್ಲಿ ಸೇರಿಲ್ಲ.